ಅಭಿಮಾನಿಯ ಹಿಂದೆ ಒಬ್ಬ ದೇವತೆ

1964ರ ಒಂದು ಶನಿವಾರ ಸಂಜೆ. ಇಂಗ್ಲೆಂಡಿನ ಒಂದು ಮನೆಯ ನಡುಕೋಣೆಯಲ್ಲಿ ಹುಡುಗನೊಬ್ಬ ಟೀವಿಯ ಸ್ಪೀಕರಿಗೆ ಮೈಕು ಹಿಡಿದು ಕೂತಿದ್ದಾನೆ. ಪಕ್ಕದಲ್ಲಿ ರೆಕಾರ್ಡರಿನ ಎರಡು ದೊಡ್ಡ ಸುರುಳಿಗಳು ತಿರುಗುತ್ತಿವೆ. ಯಾರಾದರೂ ಕೆಮ್ಮಿದರೆ ಕೆಮ್ಮೂ ಟೇಪಿಗೆ ಹೋಗುತ್ತದೆ, ಬಾಗಿಲು ಬಡಿದರೆ ಆ ಸದ್ದೂ. ಹಾಗಾಗಿ ಇಪ್ಪತ್ತೈದು ನಿಮಿಷ ಮನೆಯೆಲ್ಲ ಉಸಿರು ಬಿಗಿಹಿಡಿದಿರಬೇಕು. ತೆರೆಯ ಮೇಲೆ ಬಿಬಿಸಿಯ ವಿಜ್ಞಾನ ಕಥೆಯ ಧಾರಾವಾಹಿ ‘ಡಾಕ್ಟರ್ ಹೂ’ ನಡೆಯುತ್ತಿದೆ. ಒಮ್ಮೆ ಪ್ರಸಾರವಾದದ್ದನ್ನು ಬೇಕೆಂದಾಗ ಮತ್ತೆ ನೋಡುವ ದಾರಿ ಆಗ ಇರಲಿಲ್ಲ. ನೋಡಲಾಗದಿದ್ದರೆ ಹೋಗಲಿ, ರಾತ್ರಿ ಹಾಸಿಗೆಯಲ್ಲಿ ಮಲಗಿ ಕೇಳಬಹುದಲ್ಲ ಎಂಬುದಷ್ಟೇ ಅವನ ಆಸೆ.

ಅಂಥ ಹುಡುಗರು ಆ ಕಾಲದಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಇದ್ದರು. ಒಬ್ಬರಿಗೊಬ್ಬರು ಗೊತ್ತಿರಲಿಲ್ಲ. ಅವರನ್ನು ಇಂಗ್ಲಿಷಿನಲ್ಲಿ ಫ್ಯಾನ್ ಎನ್ನುತ್ತಾರೆ, ನಾವು ಅಭಿಮಾನಿ ಎನ್ನುತ್ತೇವೆ. ಎರಡೂ ಒಂದೇ ಎಂದುಕೊಂಡು ದಿನಾ ಬಳಸುತ್ತೇವೆ. ಆ ಹುಡುಗರ ಕೈಯಲ್ಲಿ ಮುಂದೆ ಏನಾಯಿತು ಎಂದು ತಿಳಿದ ಮೇಲೆ ನನಗೆ ಎರಡೂ ಒಂದೇ ಅನ್ನಿಸುತ್ತಿಲ್ಲ. ಅವರು ಮಾಡಿದ ಕೆಲಸಕ್ಕೆ ಒಪ್ಪುವ ಹೆಸರು ನಮ್ಮದೇ.

ಮೊದಲು ಫ್ಯಾನ್. ಲ್ಯಾಟಿನಿನಲ್ಲಿ ‘ಫಾನುಮ್’ ಎಂದರೆ ಗುಡಿ. ಗುಡಿಗೆ ಸೇರಿದವನು, ದೇವರು ಮೈಮೇಲೆ ಬಂದವನು ‘ಫನಾಟಿಕುಸ್’. ಗುಡಿಯ ಹೊರಗಿನದು ‘ಪ್ರೊಫಾನುಸ್’. ಅಪವಿತ್ರ ಎಂಬ ಅರ್ಥದ ಇಂಗ್ಲಿಷ್ ಪದ ಬಂದದ್ದು ಅಲ್ಲಿಂದ. ಗುಡಿಯೊಳಗಿನ ಮಾತು ಇಂಗ್ಲಿಷಿಗೆ ಬರುವ ಹೊತ್ತಿಗೆ ಮತಾಂಧ ಎಂಬ ಬೈಗುಳದ ಅರ್ಥ ಪಡೆದಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಬೇಸ್‌ಬಾಲ್ ವರದಿಗಳಲ್ಲಿ ಆ ಉದ್ದ ಪದದ ಬಾಲ ಕತ್ತರಿಸಿ ‘ಫ್ಯಾನ್’ ಎಂದು ಬರೆಯತೊಡಗಿದರು. ಬಾಲದ ಜೊತೆಗೆ ಬೈಗುಳವೂ ಕಡಿಮೆಯಾಯಿತು.

ವಿಜ್ಞಾನ ಕಥೆಗಳಿಗೂ ಈ ಪದಕ್ಕೂ ಗಟ್ಟಿ ನಂಟು ಬೆಸೆದದ್ದು ಪತ್ರಗಳ ಮೂಲಕ. 1926ರಲ್ಲಿ ಹ್ಯೂಗೊ ಗರ್ನ್ಸ್‌ಬ್ಯಾಕ್ ಅಮೆರಿಕದಲ್ಲಿ ಶುರುಮಾಡಿದ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆ ಓದುಗರ ಪತ್ರಗಳನ್ನು ವಿಳಾಸದ ಸಮೇತ ಅಚ್ಚುಹಾಕುತ್ತಿತ್ತು. ಓದುಗರು ಪತ್ರಿಕೆಯನ್ನು ಬಿಟ್ಟು ತಮ್ಮತಮ್ಮಲ್ಲೇ ಬರೆದುಕೊಳ್ಳತೊಡಗಿದರು, ಸಂಘ ಕಟ್ಟಿದರು, 1939ರಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವ ಸಮ್ಮೇಳನವನ್ನೇ ಸೇರಿಸಿದರು. ಅವರು ಮನೆಯಲ್ಲೇ ಅಚ್ಚು ಮಾಡಿ ಹಂಚುತ್ತಿದ್ದ ಪುಟ್ಟ ಪತ್ರಿಕೆಗಳಿಗೆ 1940ರಲ್ಲಿ ‘ಫ್ಯಾನ್‌ಝೀನ್’ ಎಂಬ ಹೆಸರೂ ಹುಟ್ಟಿತು. ಇಷ್ಟೆಲ್ಲ ಆದರೂ ಫ್ಯಾನ್ ಎಂಬ ಪದದ ಒಳಗಿರುವುದು ಆವೇಶ. ದೇವರು ಬಂದಾಗ ಕುಣಿದು, ಇಳಿದಾಗ ಸುಮ್ಮನಾಗುವವನ ಚಿತ್ರ ಅದು.

ಅಭಿಮಾನ ಬೇರೆಯದೇ ಮನೆಯ ಮಾತು. ‘ಅಭಿ’ ಎಂದರೆ ಕಡೆಗೆ, ಎದುರಿಗೆ. ‘ಮಾನ’ ಇಲ್ಲಿ ಅಳತೆಯಲ್ಲ. ಎಣಿಸು, ಬಗೆ ಎಂಬರ್ಥದ ‘ಮನ್’ ಧಾತುವಿನಿಂದ ಬಂದದ್ದು. ಮನಸ್ಸು, ಮನನ, ಮನ್ಯು ಎಲ್ಲ ಆ ಧಾತುವಿನವೇ. ಆ ಲೆಕ್ಕದಲ್ಲಿ ಅಭಿಮನ್ಯು ಕೂಡ ಈ ಪದಕ್ಕೆ ದಾಯಾದಿ. ಒಂದು ವಸ್ತುವಿನ ಕಡೆಗೆ ಮನಸ್ಸು ಹೋಗಿ, ಇದು ನಾನು, ಇದು ನನ್ನದು ಎಂದು ಬಗೆಯುವುದೇ ಅಭಿಮಾನ. ಸಾಂಖ್ಯರು ಅಹಂಕಾರದ ಲಕ್ಷಣವನ್ನೇ ಅಭಿಮಾನ ಎಂದು ಹೇಳಿಬಿಟ್ಟರು. ಹಾಗಾಗಿ ಸನ್ಯಾಸಿಗೆ, ಸಾಧಕನಿಗೆ ಇದು ಬಿಡಬೇಕಾದ ಗಂಟು. ದೇಹಾಭಿಮಾನ ಬಿಡು, ಕುಲಾಭಿಮಾನ ಬಿಡು ಎಂದು ನಮ್ಮಲ್ಲಿ ಎಷ್ಟು ಜನ ಹೇಳಿಲ್ಲ!

ಬಿಡಬೇಕಾದ ಗಂಟನ್ನು ಕನ್ನಡದ ಸಂಸಾರಿ ಮಾತ್ರ ಜೋಪಾನವಾಗಿ ಇಟ್ಟುಕೊಂಡ. ಮನೆಗೆ ಬಂದವರಿಗೆ “ನಮ್ಮ ಮೇಲೆ ಅಭಿಮಾನ ಇಟ್ಟು ಇಷ್ಟು ದೂರ ಬಂದಿರಿ” ಎನ್ನುತ್ತೇವೆ. ಪತ್ರದ ಕೊನೆಯಲ್ಲಿ “ನಿಮ್ಮ ಅಭಿಮಾನ ಹೀಗೇ ಇರಲಿ” ಎಂದು ಬರೆಯುತ್ತಿದ್ದರು. ಕೆಟ್ಟದ್ದನ್ನು ಹೇಳಬೇಕಾದರೆ ‘ದುರ್’ ಸೇರಿಸಿ ದುರಭಿಮಾನ ಎನ್ನಬೇಕು. ಬರಿಯ ಅಭಿಮಾನ ನಮಗೆ ಒಳ್ಳೆಯದೇ. ಹಿಂದಿಯಲ್ಲಿ ಹಾಗಲ್ಲ, ಅಲ್ಲಿ ಬರಿಯ ಅಭಿಮಾನವೇ ಸೊಕ್ಕು. ಮರಾಠಿ, ಮಲಯಾಳಗಳಲ್ಲಿ ಹೆಮ್ಮೆ. ತೆಲುಗರು ನಮ್ಮ ಹಾಗೆಯೇ ಪ್ರೀತಿಯ ಅರ್ಥದಲ್ಲಿ ಬಳಸುತ್ತಾರೆ, ನಟರ ಅಭಿಮಾನಿಗಳಿಗೂ ಅದೇ ಹೆಸರು. ಬಂಗಾಳಿಯಲ್ಲಿ ಅದು ಹಿಡಿದ ಅರ್ಥ ನನ್ನನ್ನು ಬಹಳ ತಟ್ಟಿದೆ: ತೀರ ಬೇಕಾದವರು ನಮ್ಮನ್ನು ಕಡೆಗಣಿಸಿದಾಗ ಒಳಗೆ ಆಗುವ ನೋವು, ಮುನಿಸು. ಪರರ ಮೇಲೆ ಬಂಗಾಳಿಗೆ ಸಿಟ್ಟು ಬರುತ್ತದೆ, ಅಭಿಮಾನ ಬರುವುದಿಲ್ಲ. ಅದು ನಮ್ಮವರ ಮೇಲಷ್ಟೇ.

ಈ ಎಲ್ಲ ಅರ್ಥಗಳ ಜೊತೆಗೆ ಹಳೆಯದೊಂದು ಅರ್ಥ ಶಾಸ್ತ್ರದಲ್ಲಿದೆ. ಶತಪಥ ಬ್ರಾಹ್ಮಣದಲ್ಲಿ ಮಣ್ಣು ಮಾತಾಡಿತು, ನೀರು ಮಾತಾಡಿತು ಎಂದು ಬರುತ್ತದೆ. ಜಡವಾದ ಮಣ್ಣು ಹೇಗೆ ಮಾತಾಡೀತು? ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಇದಕ್ಕೆ ಸಮಾಧಾನವಿದೆ: ಅಲ್ಲಿ ಹೇಳಿರುವುದು ಅಭಿಮಾನಿಯ ಮಾತು. ಮಣ್ಣನ್ನು ತನ್ನದೆಂದು ಬಗೆದು ಅದರೊಳಗೆ ನಿಂತ ದೇವತೆಯೊಂದಿದೆ, ಮಾತಾಡಿದ್ದು ಆ ದೇವತೆ. ಮಾಧ್ವರಲ್ಲಿ ಈ ವಿಚಾರ ಬಹಳ ವಿಸ್ತಾರವಾಗಿ ಬೆಳೆಯಿತು. ಕಣ್ಣಿಗೆ ಸೂರ್ಯ ಅಭಿಮಾನಿ, ಮನಸ್ಸಿಗೆ ರುದ್ರ ಅಭಿಮಾನಿ, ಒಂದೊಂದು ತತ್ತ್ವಕ್ಕೂ ಒಬ್ಬೊಬ್ಬ ಅಭಿಮಾನಿ. ದಾಸರ ಪದಗಳ ಮೂಲಕ ಇದು ಸಂಸ್ಕೃತ ಬಾರದ ಮನೆಗಳಿಗೂ ಇಳಿದಿದೆ. ಇಲ್ಲಿ ಅಭಿಮಾನಿ ಎಂದರೆ ಮೆಚ್ಚುವವನಲ್ಲ. ತಾನಾಗಿ ಮಾತಾಡಲಾರದ, ತನ್ನನ್ನು ತಾನು ಕಾಯ್ದುಕೊಳ್ಳಲಾರದ ಒಂದು ವಸ್ತುವಿನ ಹೊಣೆ ಹೊತ್ತು ಅದರ ಪರವಾಗಿ ಮಾತಾಡುವವನು.

ಈಗ ಆ ಹುಡುಗನ ಟೇಪಿಗೆ ಬರುತ್ತೇನೆ.

‘ಡಾಕ್ಟರ್ ಹೂ’ ಮೊದಲು ಪ್ರಸಾರವಾದದ್ದು 1963ರ ನವೆಂಬರ್ 23ರಂದು, ಅಮೆರಿಕದ ಅಧ್ಯಕ್ಷ ಕೆನಡಿ ಕೊಲೆಯಾದ ಮರುದಿನ. ಬಿಬಿಸಿ ಮುಂದಿನ ಶನಿವಾರ ಎರಡನೆಯ ಕಂತಿಗೆ ಮುಂಚೆ ಮೊದಲನೆಯದನ್ನು ಮತ್ತೊಮ್ಮೆ ತೋರಿಸಿತು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಎಂಬ ಎಳೆಯ ಪ್ರಾಯದ ಹೆಣ್ಣುಮಗಳು. ಮೊದಲ ಕಥೆಯ ನಿರ್ದೇಶಕ ವಾರಿಸ್ ಹುಸೇನ್, ಲಖನೌದಲ್ಲಿ ಹುಟ್ಟಿದವರು. ಆಗಿನ್ನೂ ಇಪ್ಪತ್ತೈದರ ಆಸುಪಾಸು. ಕಥೆಯಲ್ಲಿ ಬರುವ ಕಾಲಯಂತ್ರ ಹೊರಡುವಾಗಿನ ಕಿರಗುಟ್ಟುವ ಸದ್ದನ್ನು ಬ್ರಯನ್ ಹಾಡ್ಜ್‌ಸನ್ ಹೊರಡಿಸಿದ್ದು ಹಳೆಯ ಪಿಯಾನೊದ ತಂತಿಗಳ ಮೇಲೆ ಮನೆಯ ಬೀಗದ ಕೈ ಎಳೆದು. ಕೈಯಲ್ಲಿ ಕಾಸಿಲ್ಲದೆ ಕಟ್ಟಿದ ಲೋಕ ಅದು. ಆ ಕಾಲದ ಅಭಿಮಾನಿಗಳು ಮೊದಲ ಕಂತುಗಳನ್ನು ನೆನೆಯುವಾಗ ತೆಳು ಗೋಡೆಗಳು ಅಲುಗಾಡಿದ್ದನ್ನು ಹೇಳುತ್ತಾರೆ, ಅದರ ಬೆನ್ನಿಗೇ ಎಷ್ಟು ಹೆದರಿದ್ದೆವು ಎನ್ನುವುದನ್ನೂ ಹೇಳುತ್ತಾರೆ.

1963ರಿಂದ 1969ರವರೆಗಿನ ಆರು ವರ್ಷದಲ್ಲಿ 253 ಕಂತುಗಳು ಬಂದವು. ವಿಡಿಯೊ ಟೇಪು ಆಗ ದುಬಾರಿ, ಒಂದರ ಮೇಲೆ ಇನ್ನೊಂದು ಮುದ್ರಿಸುವುದು ರೂಢಿ. ಕಲಾವಿದರ ಒಪ್ಪಂದಗಳ ಪ್ರಕಾರ ಮನಬಂದಂತೆ ಮರುಪ್ರಸಾರ ಮಾಡುವಂತಿರಲಿಲ್ಲ. ಬಣ್ಣ ಬಂದ ಮೇಲೆ ಕಪ್ಪು-ಬಿಳುಪನ್ನು ಕೊಳ್ಳುವವರೂ ಇಲ್ಲವಾದರು. ಬಿಬಿಸಿಯವರು ಟೇಪುಗಳನ್ನು ಒರೆಸಿದರು, ಹೊರದೇಶಗಳಿಗೆ ಮಾರಲು ಮಾಡಿದ್ದ 16 ಮಿಲಿಮೀಟರಿನ ಫಿಲ್ಮ್ ಪ್ರತಿಗಳನ್ನೂ ಬಿಸಾಡಿದರು. 1970ರ ದಶಕದ ಕೊನೆಗೆ ಇದು ನಿಂತಾಗ ನೂರಕ್ಕೂ ಹೆಚ್ಚು ಕಂತುಗಳು ಹೋಗಿದ್ದವು. ಈ ನಾಶದಲ್ಲಿ ಯಾರಿಗೂ ದ್ವೇಷವಿರಲಿಲ್ಲ ಎಂಬುದೇ ನನಗೆ ಹೆಚ್ಚು ನೋವಿನ ಸಂಗತಿ. ಕಪಾಟಿನಲ್ಲಿ ಜಾಗ ಬೇಕಿತ್ತು, ಖಾಲಿ ಟೇಪು ಬೇಕಿತ್ತು, ಅಷ್ಟೆ. ಇದು ನನ್ನದು ಎಂದು ಬಗೆಯುವವರು ಆ ಕಟ್ಟಡದೊಳಗೆ ಯಾರೂ ಇರಲಿಲ್ಲ.

ಹೊರಗಿದ್ದರು. ಕಾಣೆಯಾದ ಕಂತುಗಳ ಪೈಕಿ ಪ್ರತಿಯೊಂದರ ಧ್ವನಿಯೂ ಇಂದು ಉಳಿದಿದೆ. ಚಿತ್ರ ಹೋದರೂ ಮಾತು, ಸಂಗೀತ, ಕಾಲಯಂತ್ರದ ಸದ್ದು ಎಲ್ಲವೂ ಇವೆ. ಉಳಿಸಿದ್ದು ಮೈಕು ಹಿಡಿದು ಕೂತಿದ್ದ ಆ ಮಕ್ಕಳೇ. ಮುಂದೆ ಬಿಬಿಸಿ ಆ ಧ್ವನಿಗಳನ್ನು ಹೊರತಂದದ್ದು ಅವರಿಂದಲೇ ಪಡೆದು. ಮಣ್ಣು ಮಾತಾಡಿತು ಎಂಬುದನ್ನು ಇದಕ್ಕಿಂತ ನೇರವಾಗಿ ನಾನು ಎಲ್ಲೂ ಕಂಡಿಲ್ಲ.

ಚಿತ್ರವನ್ನು ಹುಡುಕುವ ಕೆಲಸವೂ ಹೆಚ್ಚಾಗಿ ಅಭಿಮಾನಿಗಳದ್ದೇ ಆಯಿತು. 1983ರಲ್ಲಿ ಲಂಡನ್ನಿನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಎರಡು ಕಂತುಗಳು ಸಿಕ್ಕವು. ಫಾನುಮ್ ಎಂದರೆ ಗುಡಿ ಎಂದು ಓದಿದ್ದವನಿಗೆ ಈ ಸಂಗತಿ ತಿಳಿದಾಗ ಮೈ ಜುಮ್ಮೆಂದಿತು. 1992ರ ಹೊತ್ತಿಗೆ ಹಾಂಗ್‌ಕಾಂಗಿನಿಂದ ನಾಲ್ಕು ಕಂತಿನ ಒಂದು ಇಡೀ ಕಥೆ ಬಂತು. 2013ರಲ್ಲಿ ನೈಜೀರಿಯದ ಜಾಸ್ ಊರಿನಿಂದ ಒಂಬತ್ತು ಕಂತುಗಳು ಬಂದ ಸುದ್ದಿ ಹೊರಬಿತ್ತು. ಆಸ್ಟ್ರೇಲಿಯದಲ್ಲಿ ನಡೆದದ್ದು ಇನ್ನೂ ವಿಚಿತ್ರ. ಮಕ್ಕಳು ಹೆದರುತ್ತಾರೆಂದು ಅಲ್ಲಿನ ಸೆನ್ಸಾರಿನವರು ಕೆಲವು ತುಣುಕುಗಳನ್ನು ಕತ್ತರಿಸಿ ತೆಗೆದು ಕಡತದಲ್ಲಿ ಇಟ್ಟಿದ್ದರು. 1996ರಲ್ಲಿ ಅಭಿಮಾನಿಗಳು ಆ ಕಡತ ಹುಡುಕಿ ತೆಗೆದರು. ಕತ್ತರಿಸಿದ್ದು ಉಳಿದಿತ್ತು, ಉಳಿಸಿಕೊಂಡದ್ದು ಹೋಗಿತ್ತು. ಇಷ್ಟಾದರೂ ಇನ್ನೂ ತೊಂಬತ್ತಕ್ಕೂ ಹೆಚ್ಚು ಕಂತುಗಳಿಗೆ ಚಿತ್ರವಿಲ್ಲ. ಆ ಪಟ್ಟಿಯನ್ನು ಹೇಳುವಾಗ ಹಳೆಯ ಅಭಿಮಾನಿಗಳ ದನಿಯಲ್ಲಿ ಬರುವುದು ಬರಿಯ ಸಿಟ್ಟಲ್ಲ. ಅದಕ್ಕೆ ಸರಿಯಾದ ಹೆಸರು ಬಂಗಾಳಿಯ ಅಭಿಮಾನವೇ. ಬಿಬಿಸಿಯೂ ಅವರದೇ, ಅವರನ್ನು ಬೆಳೆಸಿದ್ದೂ ಅದೇ.

ನಮ್ಮಲ್ಲಿ ಅಭಿಮಾನಿ ಎಂಬ ಪದ ಇಪ್ಪತ್ತನೆಯ ಶತಮಾನದಲ್ಲಿ ನಾಡಿಗೆ, ನುಡಿಗೆ ಅಂಟಿಕೊಂಡಿತು. ಮಂಗಳೂರಿನಲ್ಲಿ ‘ಸ್ವದೇಶಾಭಿಮಾನಿ’ ಎಂಬ ಪತ್ರಿಕೆಯೇ ಇತ್ತು. ಆಮೇಲೆ ಸಿನಿಮಾಕ್ಕೆ ಬಂತು. ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳು’ ಎಂದು ಡಾ. ರಾಜ್‌ಕುಮಾರ್ ಕೈಮುಗಿದು ಕರೆದದ್ದನ್ನು ಕೇಳದ ಕನ್ನಡಿಗನಿಲ್ಲ. ಲ್ಯಾಟಿನಿನಲ್ಲಿ ಫ್ಯಾನ್ ಗುಡಿಯ ಹೊಸ್ತಿಲಲ್ಲಿ ಕುಣಿಯುವವನಾಗಿದ್ದರೆ, ರಾಜ್‌ಕುಮಾರರ ಮಾತಿನಲ್ಲಿ ಅಭಿಮಾನಿ ಗರ್ಭಗುಡಿಯೊಳಗೆ ಹೋಗಿ ಕೂತ. ಅದನ್ನು ವಿನಯದ ಮಾತೆಂದು ಎಲ್ಲರೂ ಮೆಚ್ಚಿದರು. ನನಗೆ ಅದರಲ್ಲಿ ಶಾಸ್ತ್ರದ ಹಳೆಯ ಅರ್ಥವೇ ಕೇಳಿಸುತ್ತದೆ. ಅಭಿಮಾನಿ ದೇವತೆ ಎಂಬ ಜೋಡಿ ಪದ ಈ ನೆಲದ ಭಜನೆಯಲ್ಲಿ, ಹರಿಕಥೆಯಲ್ಲಿ ಶತಮಾನಗಳಿಂದ ಓಡಾಡಿದೆ. ನಾಟಕ ಕಂಪನಿಯಲ್ಲಿ ಬೆಳೆದ ಕಿವಿಗೆ ಅದು ಬಿದ್ದಿರದೆ ಇರಲಾರದು ಎಂಬುದು ನನ್ನ ಊಹೆ.

ಆದರೂ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಸಿಗುವುದಿಲ್ಲ. 1934ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಜನ ಮುಗಿಬಿದ್ದು ನೋಡಿದ ಚಿತ್ರ ಅದು. ಸುಬ್ಬಯ್ಯನಾಯ್ಡು, ತ್ರಿಪುರಾಂಬ ತೆರೆಯ ಮೇಲೆ ಕನ್ನಡ ಮಾತಾಡಿದ್ದು ಹೇಗಿತ್ತೆಂದು ಕೇಳಿಸುವ ಟೇಪು ಯಾರ ಮನೆಯಲ್ಲೂ ಇಲ್ಲ. ಆಗ ಮನೆಗಳಲ್ಲಿ ಟೇಪೇ ಇರಲಿಲ್ಲ, ನಿಜ. ಮನಸ್ಸು ಮಾತ್ರ ಆ ಸಮಾಧಾನಕ್ಕೆ ಒಪ್ಪುವುದಿಲ್ಲ.

ವಾರಿಸ್ ಹುಸೇನರು ‘ಡಾಕ್ಟರ್ ಹೂ’ಗೆ ಮಾಡಿದ ಎರಡನೆಯ ಕಥೆ ‘ಮಾರ್ಕೊ ಪೋಲೊ’. 1964ರ ಫೆಬ್ರವರಿಯಿಂದ ಏಪ್ರಿಲಿನವರೆಗೆ ಏಳು ಕಂತು ಬಂತು. ಏಳೂ ಹೋಗಿವೆ. ಜಾನ್ ಕ್ಯೂರಾ ಎಂಬ ಛಾಯಾಗ್ರಾಹಕ ಟೀವಿಯಲ್ಲಿ ಕಾರ್ಯಕ್ರಮ ನಡೆಯುತ್ತಿರುವಾಗಲೇ ತೆರೆಯಿಂದ ಪುಟ್ಟ ಪುಟ್ಟ ಚಿತ್ರಗಳನ್ನು ತೆಗೆದು ಅದರಲ್ಲಿ ದುಡಿದವರಿಗೆ ಮಾರುತ್ತಿದ್ದರು. ಹುಸೇನರು ಏಳರ ಪೈಕಿ ತಾವು ನಿರ್ದೇಶಿಸಿದ ಆರು ಕಂತುಗಳ ಚಿತ್ರಗಳನ್ನು ಕೊಂಡು ತಮ್ಮ ಬಳಿ ಇಟ್ಟುಕೊಂಡಿದ್ದರು. ಅವು ಬೆಳಕಿಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಅಭಿಮಾನಿಗಳು ಆ ಚಿತ್ರಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ಕೆಳಗೆ ಮನೆಯಲ್ಲಿ ಹಿಡಿದಿಟ್ಟ ಧ್ವನಿ ಸೇರಿಸಿದ್ದಾರೆ.

ಒಂದು ರಾತ್ರಿ ಅದನ್ನು ನೋಡಿದೆ. ಗೋಬಿ ಮರಳುಗಾಡಿನಲ್ಲಿ ನೀರು ಮುಗಿದು ಎಲ್ಲರೂ ಬಾಯಾರಿ ಕೂತಿದ್ದಾರೆ. ಚಿತ್ರ ಅಲುಗಾಡುವುದಿಲ್ಲ. ಒಂದು ಮುಖ ಬಂದು ನಿಲ್ಲುತ್ತದೆ, ಅದು ಮರೆಯಾಗಿ ಇನ್ನೊಂದು ಬರುತ್ತದೆ. ಅವುಗಳ ಹಿಂದೆ ಮಾತು ನಡೆದೇ ಇದೆ. ಮಾತಿನ ಅಡಿಯಲ್ಲಿ ಟೇಪಿನ ಸುಯ್ ಎನ್ನುವ ಸಣ್ಣ ಸದ್ದು ಬಿಡದೆ ಕೇಳುತ್ತದೆ. ಸ್ವಲ್ಪ ಹೊತ್ತಿನಲ್ಲಿ ನಾನು ಚಿತ್ರ ನೋಡುವುದನ್ನು ಬಿಟ್ಟು ಕಣ್ಣು ಮುಚ್ಚಿದೆ. ಮೈಕು ಹಿಡಿದ ಕೈ ಸೋತಾಗ ಆ ಹುಡುಗ ಇನ್ನೊಂದು ಕೈಗೆ ಬದಲಾಯಿಸಿರಬಹುದಲ್ಲವೇ, ಅದರ ಸಪ್ಪಳ ಎಲ್ಲಾದರೂ ಸಿಕ್ಕೀತೇ ಎಂದು ಕೇಳುತ್ತ ಕೂತೆ.