ಅಣಬೆಗಳಲ್ಲಿ ವಿದ್ಯುತ್ ಮಿಡಿತ

ನರಮಂಡಲವಿಲ್ಲದ ಅಣಬೆಗಳಲ್ಲೂ ವಿದ್ಯುತ್ ಸಂಕೇತಗಳು ಹರಿಯುತ್ತವೆ. ಕಣ್ಣಿಗೆ ಬೀಳುವ ಕೊಡೆಯು ಫಲ ಮಾತ್ರ. ಮಣ್ಣು ಹಾಗೂ ಕೊಳೆತ ಮರದೊಳಗೆ ಹಬ್ಬಿರುವ ಎಳೆಗಳ ಜಾಲವೇ ಶಿಲೀಂಧ್ರದ ನಿಜವಾದ ದೇಹ. ಈ ಎಳೆಗಳ ಜೀವಕೋಶಗಳು ಹೈಡ್ರೋಜನ್ ಅಯಾನುಗಳನ್ನು ಹೊರದೂಡುವುದರಿಂದ ಅವುಗಳ ಪೊರೆಯ ಒಳಗೂ ಹೊರಗೂ ವಿದ್ಯುತ್ ವ್ಯತ್ಯಾಸ ಉಂಟಾಗುತ್ತದೆ. ಅದು ಏರುಪೇರಾದಾಗ ಮಿಡಿತ ಕಾಣಿಸಿಕೊಳ್ಳುತ್ತದೆ.

ನ್ಯೂರೋಸ್ಪೋರಾ ಕ್ರಾಸಾ ಎಂಬ ಬೂಷ್ಟಿನಲ್ಲಿ ಇಂತಹ ಮಿಡಿತಗಳನ್ನು ಕ್ಲಿಫರ್ಡ್ ಸ್ಲೇಮನ್ ಮತ್ತು ಸಂಗಡಿಗರು 1976ರಲ್ಲಿ ವರದಿ ಮಾಡಿದ್ದರು. ಹೆಚ್ಚು ಕುತೂಹಲಕರವಾದುದು ಸ್ವೀಡನ್ನಿನ ಸ್ಟೆಫಾನ್ ಓಲ್ಸನ್ ಅವರ ಪ್ರಯೋಗ. ಆರ್ಮಿಲೇರಿಯಾ ಶಿಲೀಂಧ್ರದ ಜಾಲದ ಮೇಲೆ ಆಹಾರವಾಗಬಲ್ಲ ಮರದ ತುಂಡನ್ನಿಟ್ಟಾಗ ಮಿಡಿತದ ವೇಗ ಹೆಚ್ಚಿತು, ತೆಗೆದಾಗ ಇಳಿಯಿತು. ಅಷ್ಟೇ ಗಾತ್ರದ ಪ್ಲಾಸ್ಟಿಕ್ ತುಂಡಿಗೆ ಪ್ರತಿಕ್ರಿಯೆಯೇ ಇರಲಿಲ್ಲ. ಬಿಲ್ ಹ್ಯಾನ್ಸನ್ ಜತೆಗಿನ ಈ ಅಧ್ಯಯನ 1995ರಲ್ಲಿ ಪ್ರಕಟವಾಯಿತು.

2022ರಲ್ಲಿ ಬ್ರಿಟನ್ನಿನ ಆಂಡ್ರ್ಯೂ ಆಡಮಾಟ್ಸ್ಕಿ ಅವರು ನಾಲ್ಕು ಪ್ರಭೇದಗಳ ಮಿಡಿತಗಳನ್ನು ಗುಂಪುಗೂಡಿಸಿ, 50ರವರೆಗೆ 'ಪದ'ಗಳಿರಬಹುದೆಂದರು. 'ಅಣಬೆಗಳ ಭಾಷೆ' ಎಂದು ಪತ್ರಿಕೆಗಳು ಸಂಭ್ರಮಿಸಿದವು. ಇದು ತುಸು ಆತುರದ ಮಾತೇ ಸರಿ. ಒಂದು ಮಿಡಿತಕ್ಕೆ ಇಂಥದೇ ಅರ್ಥವಿದೆ, ಅದನ್ನು ಇನ್ನೊಂದು ಎಳೆ ಗ್ರಹಿಸಿ ವರ್ತಿಸುತ್ತದೆ ಎಂಬುದನ್ನು ಆ ಅಧ್ಯಯನ ತೋರಿಸಿರಲಿಲ್ಲ. ಆಹಾರ, ನೀರಿನ ಚಲನೆಯಿಂದಲೂ ವಿದ್ಯುತ್ ಏರಿಳಿಯಬಹುದೆಂದು ಇತರ ವಿಜ್ಞಾನಿಗಳು ಆಕ್ಷೇಪಿಸಿದ್ದಾರೆ. 2023ರಲ್ಲಿ ಪ್ರಕಟವಾದ ಜಪಾನಿನ ಕ್ಷೇತ್ರ ಅಧ್ಯಯನವೊಂದರಲ್ಲಿಯೂ ಕಾಡಿನ ಅಣಬೆಗಳ ವಿದ್ಯುತ್ ಚಟುವಟಿಕೆ ಹೆಚ್ಚಿದ್ದು ಮಳೆ ಸುರಿದ ನಂತರವೇ.