ವಿದ್ಯುನ್ಮಾನ ಆರೋಗ್ಯ ದಾಖಲೆ: ಗಡಿನಾಡಿನ ರೋಗಿಗೆ ಏನು ಅನುಕೂಲ?

ರೋಗಿಯ ವಿವರ, ಪರೀಕ್ಷಾ ವರದಿ, ಕೊಟ್ಟ ಔಷಧ ಇವನ್ನೆಲ್ಲ ಕಾಗದದ ಫೈಲಿನ ಬದಲು ಕಂಪ್ಯೂಟರಿನಲ್ಲಿ ಇಡುವುದೇ ವಿದ್ಯುನ್ಮಾನ ಆರೋಗ್ಯ ದಾಖಲೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯೇ ದಾಖಲೆಗಳನ್ನು ಗಣಕೀಕರಿಸಲು ಪ್ರಯತ್ನಿಸಬೇಕೆಂದು ಹೇಳಿತ್ತು. ಒಳರೋಗಿಗಳ ದಾಖಲೆಯನ್ನು 3 ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂಬುದೂ ಅದರಲ್ಲಿದೆ. ಕಪಾಟು ತುಂಬಿದ ಫೈಲುಗಳ ನಡುವೆ ಇದು ಸುಲಭವಲ್ಲ.

ಡಾಕ್ಟರರಿಗೆ ಆಗುವ ಲಾಭ ಸ್ಪಷ್ಟ. ಅಕ್ಷರ ಓದಲಾಗದೆ ಔಷಧ ಅಂಗಡಿಯಲ್ಲಿ ಮಾತ್ರೆ ಬದಲಾಗುವ ಅಪಾಯ ಕಡಿಮೆ. ಯಾವ ಔಷಧ ಒಗ್ಗುವುದಿಲ್ಲ ಎಂಬುದು ಕಣ್ಣೆದುರಿಗೇ ಇರುತ್ತದೆ. ಸಕ್ಕರೆ ಕಾಯಿಲೆಯವರ ಹಲವು ವರ್ಷಗಳ ರಕ್ತಪರೀಕ್ಷೆ ಒಂದೇ ಕಡೆ ಕಾಣುತ್ತದೆ.

ನಮ್ಮವರಿಗೆ ಇದರ ಬೆಲೆ ಇನ್ನೂ ಹೆಚ್ಚು. ಮಂಜೇಶ್ವರದವರು ಮಂಗಳೂರಿಗೆ, ಹೊಸೂರಿನವರು ಬೆಂಗಳೂರಿಗೆ, ತಾಳವಾಡಿಯವರು ಚಾಮರಾಜನಗರಕ್ಕೆ ಹೋಗುತ್ತಾರೆ. ಫೈಲು ಮಾತ್ರ ಊರಿನಲ್ಲೇ ಉಳಿಯುತ್ತದೆ. ಮಾಡಿಸಿದ ಪರೀಕ್ಷೆಯನ್ನೇ ಮತ್ತೆ ಮಾಡಿಸಬೇಕಾಗುತ್ತದೆ. ಹೆಸರಿನ ತೊಡಕು ಬೇರೆ. ಸಿದ್ದಪ್ಪ ಎಂಬವರು ತಮಿಳಿನ ಮೂಲಕ ‘ಸಿತ್ತಪ್ಪ’ ಆಗಬಹುದು. ಜತ್ತದಲ್ಲಿ ತಂದೆಯ ಹೆಸರು ನಡುವೆ, ಅಡ್ಡಹೆಸರು ಕೊನೆಗೆ. ತಮಿಳುನಾಡಿನಲ್ಲಿ ಬರೀ ಇನಿಶಿಯಲ್. ಒಬ್ಬರೇ ರೋಗಿ ಮೂರು ಆಸ್ಪತ್ರೆಯಲ್ಲಿ ಮೂವರಾಗುತ್ತಾರೆ!

ಇದಕ್ಕೆ ಪರಿಹಾರವೆಂದರೆ ರಾಜ್ಯ ಬದಲಾದರೂ ಬದಲಾಗದ ಒಂದು ಸಂಖ್ಯೆ. ಕೇಂದ್ರ ಸರ್ಕಾರವು 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ವಿಸ್ತರಿಸಿದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಕೊಡುವ 14 ಅಂಕಿಯ ‘ಆಭಾ’ ಸಂಖ್ಯೆ ಅಂಥದ್ದು. ಇದು ಉಚಿತ, ಕಡ್ಡಾಯವಲ್ಲ. 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಆಯುಷ್ಮಾನ್ ಕಾರ್ಡೇ ಬೇರೆ, ಇದೇ ಬೇರೆ. ಅನೇಕರು ಎರಡನ್ನೂ ಒಂದೇ ಎಂದುಕೊಂಡಿದ್ದಾರೆ. ದಾಖಲೆ ಆಯಾ ಆಸ್ಪತ್ರೆಯಲ್ಲೇ ಇರುತ್ತದೆ, ರೋಗಿ ಒಪ್ಪಿದರೆ ಮಾತ್ರ ಇನ್ನೊಂದು ಆಸ್ಪತ್ರೆಗೆ ಕಾಣುತ್ತದೆ. ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಲೂಬಹುದು. ಆದರೆ ಎರಡೂ ಆಸ್ಪತ್ರೆಗಳು ಈ ವ್ಯವಸ್ಥೆಗೆ ಸೇರಿರಬೇಕು. ಆದ್ದರಿಂದಲೇ ಊರಿನ ಸಣ್ಣ ಕ್ಲಿನಿಕ್‌ಗಳು ಬದಲಾಗುವುದು ಮುಖ್ಯ.

ತೊಂದರೆಗಳಿಲ್ಲವೆಂದಲ್ಲ. ಮೊದಲ ಕೆಲವು ತಿಂಗಳು ಕೆಲಸ ನಿಧಾನವಾಗುತ್ತದೆ, ಡಾಕ್ಟರರ ಕಣ್ಣು ರೋಗಿಗಿಂತ ಪರದೆಯ ಮೇಲೇ ಹೆಚ್ಚು ಇರುತ್ತದೆ. ಕರೆಂಟು ಹೋದಾಗಿನ ವ್ಯವಸ್ಥೆ, ದಾಖಲೆಯ ಇನ್ನೊಂದು ಪ್ರತಿ ಎರಡೂ ಬೇಕು. ಹಳೆಯ ಫೈಲುಗಳನ್ನೆಲ್ಲ ಒಮ್ಮೆಗೇ ತುಂಬಿಸಲು ಹೋಗುವ ಬದಲು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂತ್ರಪಿಂಡದ ರೋಗಿಗಳಿಂದ ಶುರುಮಾಡುವುದು ಒಳ್ಳೆಯದು. ಔಷಧದ ಸೂಚನೆಯನ್ನು ಕನ್ನಡದಲ್ಲಿ ಮುದ್ರಿಸುವ ತಂತ್ರಾಂಶಗಳೂ ಇವೆ. ಮಲಯಾಳ, ಮರಾಠಿ ಓದಲು ಬಾರದ ಹಿರಿಯರು ಮನೆಯಲ್ಲಿದ್ದರೆ ಇದನ್ನು ಕೇಳಿಯೇ ಪಡೆಯಬೇಕು.

ನಿಮ್ಮ ಡಾಕ್ಟರರು ಇನ್ನೂ ಕಾಗದದಲ್ಲೇ ಬರೆಯುತ್ತಿದ್ದರೆ, ಡಿಸ್‌ಚಾರ್ಜ್ ಸಮರಿ ಮತ್ತು ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿಯ ಫೋಟೊ ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇರಲಿ.