ಭೀಮಾತೀರದ ಅರಮನೆಪಟ್ಟಣ

ಪಂಢರಪುರದಲ್ಲಿ ಬಳುಕಿ ಚಂದ್ರಭಾಗೆ ಎನಿಸಿಕೊಂಡ ಭೀಮೆ ಅಫಜಲಪುರದ ಸೀಮೆಗೆ ಇಳಿಯುತ್ತಾಳೆ. ಗಾಣಗಾಪುರದಲ್ಲಿ ಅಮರ್ಜೆಯನ್ನು ಕೂಡಿಕೊಂಡು ಜೇವರ್ಗಿಯ ಕಡೆ ಹೊರಳುತ್ತಾಳೆ. ಈ ನದಿಯ ದಂಡೆ ಯಾರನ್ನೂ ಬೇಡವೆಂದದ್ದಿಲ್ಲ. ಕೆಳಗೆ ಸನ್ನತಿಯಲ್ಲಿ ಅಶೋಕನ ಶಾಸನ ನಿಂತಿತು, ಪಕ್ಕದ ಕನಗನಹಳ್ಳಿಯಲ್ಲಿ ಬೌದ್ಧರ ಸ್ತೂಪ ಎದ್ದಿತು. ಮೇಲೆ ಗಾಣಗಾಪುರದಲ್ಲಿ ನರಸಿಂಹ ಸರಸ್ವತಿಗಳ ಪಾದುಕೆಗಳು ನೆಲೆಗೊಂಡವು. ಇವೆರಡರ ನಡುವೆ, ಎಡದಂಡೆಯ ಕರಿನೆಲದ ಮೇಲೆ, ಒಬ್ಬ ಸುಲ್ತಾನ ತನ್ನ ವಿಹಾರಕ್ಕೂ ದಂಡಿನ ಬೀಡಿಗೂ ಒಂದು ಪಟ್ಟಣವನ್ನೇ ಕಟ್ಟಿಸಿದ. ಅದಕ್ಕೆ ತನ್ನ ಹೆಸರನ್ನೇ ಇಟ್ಟ. ಅದು ಫಿರೋಜಾಬಾದ್.

ಅಫಜಲಪುರ ತಾಲೂಕಿನ ಅತನೂರ ಸೀಮೆಯ ಜನ ಹುಣ್ಣಿಮೆಗೆ ಗಾಣಗಾಪುರಕ್ಕೆ ಹೋಗುತ್ತಾರೆ, ಜಾತ್ರೆಗೆ ಕಲಬುರಗಿಯ ಶರಣಬಸಪ್ಪನ ಗುಡಿಗೆ, ಉರುಸಿಗೆ ಅಲ್ಲಿಯದೇ ಸೂಫಿ ಸಂತ ಬಂದೇನವಾಜರ ದರ್ಗಾಕ್ಕೆ ಹೋಗುತ್ತಾರೆ. ಫಿರೋಜಾಬಾದಿಗೆ ಹೋಗುವವರು ಕಡಿಮೆ. ಈಗ ಅನುಕೂಲಸ್ಥರ ಮಕ್ಕಳು ವಿಮಾನ ಹತ್ತಿ ಮೊರಾಕೊ ದೇಶದ ಮರ್‍ರಾಕೇಶ್ ನೋಡಿ ಬರುತ್ತಾರೆ. ಕೆಂಪು ಮಣ್ಣಿನ ಕೋಟೆಗೋಡೆ, ಕುತುಬಿಯಾ ಮಸೀದಿಯ ಎತ್ತರದ ಮಿನಾರು, ಅಗ್ದಾಲ್ ಮತ್ತು ಮೆನಾರಾ ತೋಟಗಳ ಚಿತ್ರ ತೋರಿಸುತ್ತಾರೆ. ನೋಡಲಿ, ತಪ್ಪೇನಿಲ್ಲ. ಆದರೆ ಅಂಥದೇ ಒಂದು ರಾಜಸ ಕನಸು ತಮ್ಮ ತಾಲೂಕಿನ ನೆರೆಯಲ್ಲೇ ತೊಗರಿ ಹೊಲದ ನಡುವೆ ನಿಂತಿದೆ ಎಂಬುದು ಅವರ ಕಿವಿಗೆ ಬಿದ್ದಿರಬೇಕಲ್ಲವೆ?

ಆ ದೇಶಕ್ಕೂ ನಮ್ಮ ನಾಡಿಗೂ ಒಂದು ಹಳೆಯ ನಂಟಿದೆ. ಮೊರಾಕೊದ ತಾಂಜಿಯರ್ ಪಟ್ಟಣದಲ್ಲಿ 1304ರಲ್ಲಿ ಹುಟ್ಟಿದ ಇಬ್ನ್ ಬತೂತ ದಿಲ್ಲಿಯಲ್ಲಿ ಮುಹಮ್ಮದ್ ಬಿನ್ ತುಘಲಕನ ಖಾಜಿಯಾಗಿದ್ದ. ಅಲ್ಲಿಂದ ದೌಲತಾಬಾದಿನ ಮೇಲೆ ಹಾಯ್ದು ಪಶ್ಚಿಮ ಕರಾವಳಿಗೆ ಇಳಿದ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆನೆಂದು ಬರೆಸಿದ. ಕಲಬುರಗಿ ಆಗಿನ್ನೂ ರಾಜಧಾನಿಯಾಗಿರಲಿಲ್ಲ. ಅವನು ಊರಿಗೆ ಮರಳಿದ ಮೇಲೆ ಮರ್‍ರಾಕೇಶನ್ನೂ ನೋಡಿದ. ಚೆಲುವಾದ ಊರೆಂದು ಹೊಗಳಿದ, ಆದರೆ ಬಹುಭಾಗ ಪಾಳುಬಿದ್ದಿದೆಯೆಂದು ಮರುಗಿದ. ಇಂದು ಪ್ರವಾಸಿಗರಿಂದ ಗಿಜಿಗುಡುವ ಆ ಊರು ಹಿಂದೊಮ್ಮೆ ಹಾಳೂರಾಗಿ ಮತ್ತೆ ಎದ್ದದ್ದು. ಫಿರೋಜಾಬಾದಿಗೆ ಆ ಎರಡನೆಯ ಭಾಗ್ಯ ಬರಲಿಲ್ಲ. ಏಕೆಂದು ಕೇಳಿದರೆ ಅದನ್ನು ಕಟ್ಟಿಸಿದವನ ಕಥೆಯನ್ನೇ ಹೇಳಬೇಕಾಗುತ್ತದೆ.

1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಾಹ ದಿಲ್ಲಿಯ ಹಿಡಿತ ಕಳಚಿಕೊಂಡು ಕಲಬುರಗಿಯಿಂದ ಆಳತೊಡಗಿದ. ಅವನ ಹಿಂದೆ ಬಂದವರ ಕಾಲದಲ್ಲಿ, 1367ರಲ್ಲಿ, ಕೋಟೆಯೊಳಗೆ ಜಾಮಿ ಮಸೀದಿ ಎದ್ದಿತು. ಇರಾನಿನ ಖಜ್ವೀನ್ ಊರಿನ ರಫಿ ಎಂಬವನ ಹೆಸರು ಅದರ ಶಾಸನದಲ್ಲಿದೆ. ಮಸೀದಿಗಳಿಗೆ ಸಾಮಾನ್ಯವಾಗಿ ಬಯಲಂಗಳ ಇರುತ್ತದೆ; ಇದಕ್ಕಿಲ್ಲ. ಇಡೀ ಕಟ್ಟಡಕ್ಕೆ ಗುಮ್ಮಟಗಳ ಮಾಡು. ಒಳಗೆ ನಿಂತರೆ ತಗ್ಗಿದ ಅಗಲ ಕಮಾನುಗಳು ಸಾಲುಸಾಲಾಗಿ ದೂರ ಸರಿಯುತ್ತವೆ. ಸ್ಪೇನಿನ ಕಾರ್ಡೋಬಾ ಮಸೀದಿಯ ಅಚ್ಚು ಇದು ಎಂದು ಹೇಳುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಅಲ್ಲಿ ಕಂಬಗಳ ಕಾಡು, ಇಲ್ಲಿ ಕಮಾನುಗಳ ಭಾರ. ಮೇಲಾಗಿ ಅಲ್ಲಿ ಅಂಗಳವಿದೆ. ದೊಡ್ಡವರ ಹೆಸರು ಹಚ್ಚದೆ ನಮ್ಮದನ್ನು ನಾವು ಮೆಚ್ಚಲಾರೆವೇ?

ಈ ಬಹಮನಿ ರಾಜ್ಯಕ್ಕೆ 1397ರಲ್ಲಿ ಫಿರೋಜ್ ಶಾಹ ಒಡೆಯನಾದ. ಬಹಮನಿ ಸುಲ್ತಾನರಲ್ಲಿ ಇವನಷ್ಟು ಓದಿದವನು ಇನ್ನೊಬ್ಬನಿಲ್ಲ. ಎರಡು ಶತಮಾನದ ನಂತರ ವಿಜಯಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ ಕುಳಿತು ಚರಿತ್ರೆ ಬರೆದ ಫರಿಶ್ತಾ ಇವನ ಬಗ್ಗೆ ಕೈತುಂಬ ಬರೆದಿದ್ದಾನೆ. ಸುಲ್ತಾನ ವಾರದಲ್ಲಿ ಮೂರು ದಿನ ತಾನೇ ಪಾಠ ಹೇಳುತ್ತಿದ್ದನಂತೆ. ತರ್ಕ, ರೇಖಾಗಣಿತ, ಗಿಡಮೂಲಿಕೆ ಎಲ್ಲಕ್ಕೂ ಕೈ ಹಾಕಿದವನಂತೆ. ಗೋವಾ ಮತ್ತು ಚೌಲ್ ಬಂದರುಗಳಿಂದ ವರ್ಷವರ್ಷವೂ ಹಡಗು ಬಿಡುತ್ತಿದ್ದ. ಅವು ದೂರದೇಶದ ಅಪರೂಪದ ಸರಕು ತರಬೇಕು, ಅದಕ್ಕಿಂತ ಹೆಚ್ಚಾಗಿ ಪಂಡಿತರನ್ನು ಕರೆತರಬೇಕು. ದೌಲತಾಬಾದಿನ ಘಟ್ಟದ ಮೇಲೆ ನಕ್ಷತ್ರ ನೋಡುವ ವೇಧಶಾಲೆ ಕಟ್ಟಿಸಲು ತೊಡಗಿದ; ಅದರ ಹೊಣೆ ಹೊತ್ತ ಹಕೀಮ್ ಹಸನ್ ಗೀಲಾನಿ ತೀರಿಕೊಂಡದ್ದರಿಂದ ಕೆಲಸ ಅರ್ಧಕ್ಕೇ ನಿಂತಿತು. ಅರ್ಧಕ್ಕೆ ನಿಲ್ಲುವುದು ಇವನ ಕಾಲದ ಹಣೆಬರಹವೇ ಇರಬೇಕು.

1400ರ ಆಸುಪಾಸಿನಲ್ಲಿ ಅವನ ಕಣ್ಣು ಭೀಮೆಯ ದಂಡೆಯ ಮೇಲೆ ಬಿತ್ತು. ಕಲಬುರಗಿಯಿಂದ ತೆಂಕಣಕ್ಕೆ ಒಂದು ದಿನದ ಪಯಣ. ವಿಜಯನಗರದ ಮೇಲೆ ದಂಡೆತ್ತಿ ಹೋಗುವ ದಾರಿಯೂ ಅದೇ. ಮೂರು ಕಡೆ ಭಾರಿ ಕಲ್ಲಿನ ಕೋಟೆ, ನಾಲ್ಕನೆಯ ಕಡೆ ಹೊಳೆಯೇ ಕಾವಲು. ಗೋಡೆಗಳ ನಡುಭಾಗಕ್ಕೆ ಎತ್ತರದ ಕಮಾನಿನ ಅಗಸಿಗಳು. ಒಳಗೆ ವಿಶಾಲವಾದ ಜಾಮಿ ಮಸೀದಿ, ಅದರ ಹಿಂದೆ ಹೊಳೆಯ ಬದಿಗೆ ಅರಮನೆಗಳು, ಗುಮ್ಮಟದ ಹಮ್ಮಾಮುಗಳು. ದಖ್ಖನಿನಲ್ಲಿ ಉಳಿದಿರುವ ಸ್ನಾನಗೃಹಗಳಲ್ಲಿ ಇವೇ ಅತಿ ಹಳೆಯವೆಂದು ಬಲ್ಲವರು ಎಣಿಸುತ್ತಾರೆ. ಜಾರ್ಜ್ ಮಿಚೆಲ್ ಮತ್ತು ರಿಚರ್ಡ್ ಈಟನ್ ಎಂಬ ಇಬ್ಬರು ವಿದ್ವಾಂಸರು ಈ ಪಾಳುಪಟ್ಟಣವನ್ನು ಅಳೆದು ಸುರಿದು 1992ರಲ್ಲಿ ಇದರ ಮೇಲೆಯೇ ಒಂದು ಪುಸ್ತಕ ಪ್ರಕಟಿಸಿದರು.

ಆ ಪಟ್ಟಣ ಜೀವಂತವಾಗಿದ್ದಾಗ ಹೇಗಿತ್ತೆಂದು ಫರಿಶ್ತಾ ಹೇಳುತ್ತಾನೆ. ಅಗಲವಾದ ಬೀದಿಗಳು, ಒಪ್ಪವಾದ ಅಂಗಡಿಸಾಲು. ಹೊಳೆಯ ಬದಿಗೆ ಕಲ್ಲಿನ ಕೋಟೆ, ಅದರೊಳಗೆ ಅನೇಕ ಮಹಲುಗಳು. ಭೀಮೆಯಿಂದ ಕಾಲುವೆ ತೋಡಿಸಿ ಅರಮನೆಗೆ ನೀರು ಹರಿಸಿದ್ದರು. ಒಂದೊಂದು ಮಹಲೂ ಒಬ್ಬೊಬ್ಬ ರಾಣಿಗೆ. ಅರಬ್ಬಿ, ತುರ್ಕಿ, ರೂಸಿ, ಚೀನಿ, ಬಂಗಾಳಿ, ಗುಜರಾತಿ, ತೆಲುಗು, ಮರಾಠಿ ಹೀಗೆ ನಾನಾ ನಾಡಿನ ಹೆಣ್ಣುಮಕ್ಕಳು ಅಲ್ಲಿದ್ದರು. ಪ್ರತಿಯೊಬ್ಬಳಿಗೂ ಅವಳ ನಾಡಿನವರೇ ಆದ, ಅವಳ ಮಾತೇ ಆಡುವ ದಾಸಿಯರು. ಸುಲ್ತಾನನಂತೂ ಆಯಾ ರಾಣಿಯೊಡನೆ ಆಯಾ ಭಾಷೆಯಲ್ಲೇ ಮಾತಾಡುತ್ತಿದ್ದನೆಂದು ಚರಿತ್ರಕಾರ ಬೆರಗಾಗುತ್ತಾನೆ. ತವರಿನಿಂದ ಸಾವಿರಾರು ಹರದಾರಿ ದೂರ ಬಂದು ಭೀಮೆಯ ಬೇಸಿಗೆಯನ್ನು ಕಳೆದ ಆ ಹೆಂಗಸರು ಏನಂದುಕೊಂಡರೋ, ಅದನ್ನು ಯಾವ ಚರಿತ್ರಕಾರನೂ ಕೇಳಲಿಲ್ಲ.

1406ರಲ್ಲಿ ಮುದಗಲ್ಲಿನ ಅಕ್ಕಸಾಲಿಗನ ಮಗಳೊಬ್ಬಳ ನೆಪದಿಂದ ವಿಜಯನಗರಕ್ಕೂ ಬಹಮನಿಗೂ ಯುದ್ಧ ಹತ್ತಿತು ಎಂಬುದು ಫರಿಶ್ತಾ ಬಣ್ಣಿಸಿ ಹೇಳುವ ಕಥೆ. ಆ ಯುದ್ಧದ ಕೊನೆಗೆ ವಿಜಯನಗರದ ಅರಸ ದೇವರಾಯನು ಮಗಳನ್ನು ಫಿರೋಜನಿಗೆ ಕೊಟ್ಟು, ಬಂಕಾಪುರವನ್ನು ಬಳುವಳಿಯಾಗಿ ಬಿಟ್ಟುಕೊಟ್ಟನಂತೆ. ಸುಲ್ತಾನನು ಅತಿಥಿಯಾಗಿ ವಿಜಯನಗರ ನೋಡಲು ಹೊರಟಾಗ ಹೆಬ್ಬಾಗಿಲಿನಿಂದ ಅರಮನೆಯವರೆಗೆ ಮಕಮಲ್ಲು, ಜರತಾರಿ ಹಾಸಿದ್ದರಂತೆ. ಬೀಳ್ಕೊಡುವಾಗ ರಾಯನು ಬೀಡಿನತನಕ ಬಾರದೆ ದಾರಿಯಲ್ಲೇ ಹಿಂದಿರುಗಿದ. ಅದು ಸುಲ್ತಾನನ ಮನಸ್ಸಿಗೆ ಮುಳ್ಳಾಗಿ ಉಳಿಯಿತು. ವಿಜಯನಗರದ ಶಾಸನಗಳು ಈ ಮದುವೆಯ ಸುದ್ದಿಯನ್ನೇ ಎತ್ತುವುದಿಲ್ಲ. ಗೆದ್ದವನ ಕಡೆಯ ಕಥೆ ಎಂಬುದನ್ನು ನೆನಪಿಟ್ಟುಕೊಂಡೇ ಓದಬೇಕು.

ಇತ್ತ ಕಲಬುರಗಿಯಲ್ಲಿ ಬೇರೊಂದು ಬಗೆಯ ಅರಸುತನ ಬೇರೂರುತ್ತಿತ್ತು. 1398ರಲ್ಲಿ ತೈಮೂರ ದಿಲ್ಲಿಯನ್ನು ಸೂರೆ ಮಾಡಿದ ಕಾಲಕ್ಕೆ ಆ ಊರು ಬಿಟ್ಟ ಸೂಫಿ ಸಂತ ಸೈಯದ್ ಮುಹಮ್ಮದ್ ಗೇಸೂದರಾಜ್ 1400ರ ಸುಮಾರಿಗೆ ಇಲ್ಲಿಗೆ ಬಂದರು. ಎಂಬತ್ತರ ಹತ್ತಿರದ ವಯಸ್ಸು. ಜನ ಅವರನ್ನು ಬಂದೇನವಾಜ ಎಂದು ಕರೆದರು. ಫಿರೋಜ್ ಮೊದಲು ಆದರದಿಂದ ಎದುರುಗೊಂಡ. ಆಮೇಲೆ ಶಾಸ್ತ್ರಪಾಂಡಿತ್ಯದ ಗತ್ತಿನಲ್ಲಿ ಅವರನ್ನು ಕಡೆಗಣಿಸಿದ. ಕೋಟೆಯ ಹತ್ತಿರ ಅವರ ಖಾನಕಾಕ್ಕೆ ಸೇರುವ ಮಂದಿಯ ಗದ್ದಲ ಹೆಚ್ಚಾಯಿತೆಂದು ಜಾಗ ಬದಲಿಸಲು ಹೇಳಿಕಳಿಸಿದ. ಸಂತರು ಊರಾಚೆ ಹೋಗಿ ನೆಲೆಸಿದರು. ಸುಲ್ತಾನನ ತಮ್ಮ ಅಹ್ಮದನು ಮಾತ್ರ ಅವರ ಪಾದ ಬಿಡಲಿಲ್ಲ.

ಮುಂದಿನದು ಬೇಗ ಮುಗಿಯಿತು. 1420ರ ಸುಮಾರಿಗೆ ಪಾನಗಲ್ಲಿನ ಮುತ್ತಿಗೆಯಲ್ಲಿ ಬಹಮನಿ ದಂಡಿಗೆ ಸೋಲಾಯಿತು. ಸುಲ್ತಾನನ ದೇಹ, ಧೈರ್ಯ ಎರಡೂ ಕುಸಿದವು. ತಮ್ಮನ ಕಣ್ಣು ಕೀಳಿಸುವ ಮಾತು ಆಸ್ಥಾನದಲ್ಲಿ ಎದ್ದಾಗ ಅಹ್ಮದ ತಪ್ಪಿಸಿಕೊಂಡು ದಂಡು ಕೂಡಿಸಿದ. 1422ರಲ್ಲಿ ಕಾಯಿಲೆ ಬಿದ್ದ ಅಣ್ಣ ಕೋಟೆಯ ಬಾಗಿಲು ತೆರೆಸಿ ಗದ್ದುಗೆ ಬಿಟ್ಟುಕೊಟ್ಟ. ಕೆಲವೇ ದಿನಗಳಲ್ಲಿ ತೀರಿಕೊಂಡ. ಅದೇ ವರ್ಷ ಬಂದೇನವಾಜರೂ ಕಣ್ಣು ಮುಚ್ಚಿದರು. ಸಂತರ ದರ್ಗಾಕ್ಕೆ ಇಂದಿಗೂ ಜಾತಿಮತವೆನ್ನದೆ ಜನ ಬರುತ್ತಾರೆ. ಹತ್ತಿರದ ಹಫ್ತ್ ಗುಮ್ಮಜಿನಲ್ಲಿ ಫಿರೋಜನ ಜೋಡಿಗುಮ್ಮಟದ ಗೋರಿ ಇದೆ. ಇಳಿಜಾರು ಛಜ್ಜಾ, ಅದನ್ನು ಹೊತ್ತ ಚಾಚುಗಲ್ಲುಗಳು ಗುಡಿಯ ಶಿಲ್ಪಿಗಳ ಕೈಗುರುತನ್ನು ಸಾರುತ್ತವೆ. ಅಲ್ಲಿರುವ ಗೋರಿಗಳಲ್ಲೆಲ್ಲ ಅದೇ ಚೆಂದ. ಆದರೂ ಹೂವಿನ ಚಾದರು ಹೊತ್ತವರು ಸಂತರ ಕಡೆಗೇ ತಿರುಗುತ್ತಾರೆ.

ಅಹ್ಮದ ಶಾಹ ಕೆಲವೇ ವರ್ಷಗಳಲ್ಲಿ ರಾಜಧಾನಿಯನ್ನು ಬೀದರಿಗೆ ಒಯ್ದ. ಫಿರೋಜಾಬಾದಿನ ದೀಪ ಅಲ್ಲಿಗೆ ಆರಿತು. ಒಬ್ಬನ ಬುದ್ಧಿ, ಒಬ್ಬನ ವಿಲಾಸ, ಒಬ್ಬನ ಹೆಸರಿನ ಮೇಲೆ ನಿಂತ ಊರು ಅವನ ನಂತರ ಒಂದು ತಲೆಮಾರೂ ಬಾಳಲಿಲ್ಲ. ಮರ್‍ರಾಕೇಶಿನಲ್ಲೂ ಇದಕ್ಕೆ ಜೊತೆ ಸಿಗುತ್ತದೆ. 1578ರ ಗೆಲುವಿನ ಮೇಲೆ ಸುಲ್ತಾನ ಅಹ್ಮದ್ ಅಲ್ ಮನ್ಸೂರ ಅಲ್ಲಿ ಬಾದೀ ಎಂಬ ಅರಮನೆ ಕಟ್ಟಿಸಿದ. ಮುಂದೆ ಮೂಲಾಯ್ ಇಸ್ಮಾಯಿಲನೆಂಬ ದೊರೆ ಅದರ ಅಮೃತಶಿಲೆಯನ್ನೆಲ್ಲ ಕಿತ್ತು ಮೆಕ್ನೆಸಿಗೆ ಸಾಗಿಸಿದ. ಈಗ ಪ್ರವಾಸಿಗರು ಅಲ್ಲಿ ಬೋಳು ಗೋಡೆ ನೋಡುತ್ತಾರೆ. ಹನ್ನೆರಡನೆಯ ಶತಮಾನದ ಅಗ್ದಾಲ್ ತೋಟ ಮಾತ್ರ ಹಸಿರಾಗಿಯೇ ಇದೆ. ಅಟ್ಲಾಸ್ ಬೆಟ್ಟದ ಕಡೆಯಿಂದ ನೆಲದಡಿಯ ಸುರಂಗಗಾಲುವೆಗಳಲ್ಲಿ ನೀರು ತಂದು ದೊಡ್ಡ ಹೊಂಡಗಳಲ್ಲಿ ತುಂಬಿಸಿದರು. ಆ ನೀರಿಗೆ ಆಲಿವ್, ಕಿತ್ತಳೆ ಬೆಳೆದವು. ತೋಟ ಕಣ್ಣಿಗಷ್ಟೇ ಅಲ್ಲ, ಫಲಕ್ಕೂ ಇತ್ತು. ಹಾಗಾಗಿ ಅರಸರು ಬದಲಾದರೂ ನೀರು ಬಿಡುವ ಕೈ ನಿಲ್ಲಲಿಲ್ಲ.

ಅಂಥ ಸುರಂಗಗಾಲುವೆ ನಮ್ಮಲ್ಲೂ ಇದೆ. ಬೀದರಿನ ನೌಬಾದಿನಲ್ಲಿ ಎರಡು ಕಿ.ಮೀ.ಗೂ ಉದ್ದದ ಕರೇಜ್ ಬಹಮನಿ ಕಾಲದ್ದು. ಹೂಳು ತೆಗೆಸಿ ಅದನ್ನು ಮತ್ತೆ ಬೆಳಕಿಗೆ ತಂದದ್ದು ಈಚಿನ ದಶಕದ ಒಳ್ಳೆಯ ಕೆಲಸ. ವಿಜಯಪುರದ ಹತ್ತಿರ ಕುಮಟಗಿಯಲ್ಲಿ ಆದಿಲಶಾಹಿಗಳ ಜಲವಿಹಾರ ಉಳಿದಿದೆ. ನೀರಿನ ನಡುವಿನ ಮಂಟಪ, ಗೋಡೆಯ ಮೇಲೆ ಕುಸ್ತಿಯಾಳುಗಳ, ಕುದುರೆಯ ಮೇಲೆ ಚೆಂಡಾಡುವವರ ಚಿತ್ರಗಳು. ಆದರೆ ಫಿರೋಜಾಬಾದಿನ ಕಾಲುವೆ ಚರಿತ್ರೆಯ ಹಾಳೆಯಲ್ಲೇ ಉಳಿಯಿತು.

ಇಂದು ಫಿರೋಜಾಬಾದ್ ಒಂದು ಸಾಧಾರಣ ಹಳ್ಳಿ. ಕೋಟೆಯೊಳಗೆ ಒಕ್ಕಲುತನ ನಡೆದಿದೆ. ಬೀದಿಯಿದ್ದಲ್ಲಿ ಜೋಳ, ಮಹಲಿದ್ದಲ್ಲಿ ಜಾಲಿ. ರೈತರನ್ನು ದೂರುವುದು ನ್ಯಾಯವಲ್ಲ. ಅರಸ ಬಿಟ್ಟುಹೋದ ನೆಲಕ್ಕೆ ಆರು ನೂರು ವರ್ಷ ಮೈಮುರಿದು ದುಡಿದವರು ಅವರೇ. ಆದರೆ ಬಿರುಕು ಬಿಟ್ಟ ಕಮಾನಿಗೆ ಆಸರೆ ಕೊಡುವುದು, ಅಗಸಿಯ ಮುಂದಿನ ಮುಳ್ಳುಕಂಟಿ ಕಡಿಸುವುದು, ಇದು ಇಂಥ ಕಟ್ಟಡವೆಂದು ಕನ್ನಡದಲ್ಲಿ ಎರಡು ಸಾಲು ಬರೆಸುವುದು ಸರ್ಕಾರಕ್ಕೆ ಭಾರವಾಗುವ ಕೆಲಸವಲ್ಲ. ಕಲಬುರಗಿ ಭಾಗದ ಶಾಲೆಗಳ ಮಕ್ಕಳು ವರ್ಷಕ್ಕೊಮ್ಮೆ ಮೈಸೂರು, ಹಂಪಿಗೆ ಹೋಗುತ್ತಾರೆ. ಅದರಲ್ಲಿ ಒಂದು ದಿನವನ್ನು ಭೀಮೆಯ ದಂಡೆಗೂ ಇಡಬಹುದು.

ಅತನೂರ ಕಡೆಯಿಂದ ಹೊರಡುವವರು ಕಲಬುರಗಿಗೆ ಬಂದು ಜೇವರ್ಗಿಯ ದಾರಿ ಹಿಡಿಯಬೇಕು. ಫರಹತಾಬಾದಿನ ಕಡೆಯಿಂದ ಹೊಳೆಯತ್ತ ಹೊರಳಿದರೆ ಆಯಿತು. ತೊಗರಿ ಕಟಾವಾದ ಮೇಲೆ, ಬಿಸಿಲು ಏರುವ ಮುಂಚೆ, ಜನವರಿಯಲ್ಲಿ ಹೋಗಿ. ಬೆಳೆ ನಿಂತಾಗ ಕಾಣದ ತಳಪಾಯಗಳು ಆಗ ಕಾಣುತ್ತವೆ. ಕುಡಿಯುವ ನೀರು, ಬುತ್ತಿ ಜೊತೆಗಿರಲಿ. ಹೊಲಕ್ಕೆ ಕಾಲಿಡುವ ಮುನ್ನ ಹೊಲದವರನ್ನು ಒಂದು ಮಾತು ಕೇಳಿ.